ಹದಿನಾಲ್ಕು ವರ್ಷ ಬಿಟ್ಟು ಮತ್ತೆ ವಿಂಡ್‌ಸರ್ಫಿಂಗ್: ನಮ್ಮ ಕಡಲಿಗೆ ಯಾವ ಬೋರ್ಡ್, ಎಷ್ಟು ದೊಡ್ಡ ಸೈಲ್?

ವಿಂಡ್‌ಸರ್ಫಿಂಗ್ ಅಂದರೆ ತೇಲುವ ಹಲಗೆಯ, ಅಂದರೆ ಬೋರ್ಡ್‌ನ ಮೇಲೆ ನಿಂತು, ಅದಕ್ಕೆ ಸಿಕ್ಕಿಸಿದ ಹಾಯಿ, ಅಂದರೆ ಸೈಲ್ ಹಿಡಿದು ಗಾಳಿಯ ಬಲದಲ್ಲಿ ಸಾಗುವ ಆಟ. ಗಲ್ಫ್‌ನಲ್ಲಿ ಕೆಲಸದಲ್ಲಿದ್ದಾಗ ಪ್ರತಿ ಶುಕ್ರವಾರ ಬೋರ್ಡ್ ಹೊತ್ತುಕೊಂಡು ಕಡಲಿಗೆ ಹೋಗುತ್ತಿದ್ದೆ. ಊರಿಗೆ ಬಂದ ಮೇಲೆ ಮನೆ ಕಟ್ಟಿಸುವುದು, ಮಕ್ಕಳ ಶಾಲೆ, ಅಪ್ಪನ ಆರೋಗ್ಯ ಅಂತ ಹದಿನಾಲ್ಕು ವರ್ಷ ಹೋಯಿತು. ಆದರೆ ಮಧ್ಯಾಹ್ನ ಮೂಲ್ಕಿ ಸೇತುವೆ ದಾಟುವಾಗ ಶಾಂಭವಿ ಹೊಳೆಯ ಮೇಲೆ ಪಡುಗಾಳಿಗೆ ಏಳುವ ಸಣ್ಣ ಸಣ್ಣ ಅಲೆ ಕಂಡರೆ ಇವತ್ತಿಗೂ ಕೈ ತುರಿಸುತ್ತದೆ. ಹಾಗೆ ಮತ್ತೆ ಶುರು ಮಾಡಿದೆ. ಶುರುವಿನಲ್ಲೇ ದೊಡ್ಡ ತಪ್ಪನ್ನೂ ಮಾಡಿದೆ. ನಿಮಗೆ ಅದು ಆಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಹಳೆಯ ದಿನಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದದ್ದು 95 ಲೀಟರ್‌ನ ಒಂದು ಬೋರ್ಡ್. ಅದರಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಹಿಂದೆ ಮುಂದೆ ನೋಡದೆ ತೆಗೆದುಕೊಂಡೆ. ಆಗ ನನ್ನ ತೂಕ 68 ಕೆಜಿ, ಈಗ 84. ಅಲ್ಲಿನ ಗಾಳಿ 20 ನಾಟ್, ಇಲ್ಲಿ ಆ ದಿನ ಇದ್ದದ್ದು ಎಂಟೋ ಒಂಬತ್ತೋ. ಬೋರ್ಡ್ ಮೇಲೆ ನಿಂತರೆ ನೀರು ಮೊಣಕಾಲಿಗೆ ಬರುತ್ತಿತ್ತು. ಸೈಲ್ ಎತ್ತುವುದು, ಬೀಳುವುದು, ಮತ್ತೆ ಎತ್ತುವುದು. ಒಂದು ಗಂಟೆ ಇದೇ ಆಯಿತು. ಅಷ್ಟರಲ್ಲಿ ಇಳಿತ ಶುರುವಾಗಿ ಹೊಳೆ ನನ್ನನ್ನು ಮೆಲ್ಲಗೆ ಅಳಿವೆಯ ಕಡೆ ಎಳೆಯತೊಡಗಿತ್ತು. ಬಲೆ ಎಳೆದು ಬರುತ್ತಿದ್ದ ನಾಡದೋಣಿಯವರು ನೋಡಿ, ಹಗ್ಗ ಕಟ್ಟಿ ದಡಕ್ಕೆ ತಂದು ಬಿಟ್ಟರು. "ಗಾಳಿ ಇಲ್ಲದ ದಿನ ಇಷ್ಟು ಸಣ್ಣ ಹಲಗೆ ಯಾಕೆ ತಂದದ್ದು ಮಾರಾಯ್ರೆ?" ಅಂತ ಕೇಳಿದರು. ಅವರು ವಿಂಡ್‌ಸರ್ಫಿಂಗ್ ಕಲಿತವರಲ್ಲ, ಆದರೆ ನೀರು ಗೊತ್ತಿದ್ದವರು. ಕೇಳಿದ್ದು ಸರಿಯಾದ ಪ್ರಶ್ನೆ.

ಹಾಗಾಗಿ ಬೋರ್ಡ್ ಹುಡುಕುವ ಮೊದಲು ಮನೆಯ ತೂಕದ ಮೆಷಿನ್ ಮೇಲೆ ನಿಲ್ಲಿ. ಹತ್ತು ವರ್ಷದ ಹಿಂದಿನ ಅಂಕಿ ಬೇಡ, ಇವತ್ತಿನದು ಬೇಕು.

ಇನ್ನು ನಮ್ಮ ಗಾಳಿ. ಬೇರೆ ದೇಶದವರು ಕೊಡುವ ಸಲಹೆ ಹೆಚ್ಚಾಗಿ ಅವರ ಗಾಳಿಗೆ ಕೊಟ್ಟದ್ದು, ಅದನ್ನು ಹಾಗೇ ಇಲ್ಲಿಗೆ ತಂದರೆ ನಡೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಕ್ಟೋಬರ್ ಕೊನೆಯಿಂದ ಮೇವರೆಗೆ ದಿನಚರಿ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಮೂಡು ದಿಕ್ಕಿನಿಂದ, ಅಂದರೆ ನೆಲದಿಂದ ಕಡಲಿಗೆ ಮೆಲ್ಲನೆಯ ಗಾಳಿ. ಬಿಸಿಲೇರಿ ನೆಲ ಕಾದ ಮೇಲೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ಪಡುವಣ ಅಥವಾ ವಾಯವ್ಯದಿಂದ ಕಡಲಗಾಳಿ ಶುರು. ಮೂರು ನಾಲ್ಕು ಗಂಟೆಗೆ ಜೋರು, ಸೂರ್ಯ ಮುಳುಗುವಾಗ ಸತ್ತೇ ಹೋಗುತ್ತದೆ. ಹೆಚ್ಚಿನ ದಿನ ಇದು 8ರಿಂದ 14 ನಾಟ್ ಒಳಗೆ ಇರುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಹಾಗಾಗಿ ಮೊಬೈಲ್‌ನಲ್ಲಿ 18 ಕಿಲೋಮೀಟರ್ ಅಂತ ತೋರಿಸಿದರೆ ಹತ್ತು ನಾಟ್ ಹತ್ತಿರ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಲು ಶುರುವಾಯಿತಾ, ಅದೂ ಹೆಚ್ಚುಕಡಿಮೆ ಅಷ್ಟೇ. ಮಳೆಗಾಲದಲ್ಲಿ ಗಾಳಿ ಬೇಕಾದಷ್ಟು ಇರುತ್ತದೆ, ಆದರೆ ಆ ಕಡಲು ಮತ್ತೆ ಶುರು ಮಾಡುವವರ ಕಡಲಲ್ಲ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವ ಹೊತ್ತು ಅದು. ನಾವೂ ಸುಮ್ನೆ ಮನೆಯಲ್ಲಿರೋಣ.

ಈಗ ಬೋರ್ಡ್. ಇಲ್ಲಿ ಲೀಟರ್ ಅನ್ನುವುದೇ ಮುಖ್ಯ. ಒಂದು ಲೀಟರ್ ಬೋರ್ಡ್ ಅಂದಾಜು ಒಂದು ಕಿಲೋ ಭಾರವನ್ನು ತೇಲಿಸುತ್ತದೆ, ಉಪ್ಪು ನೀರಿನಲ್ಲಿ ಒಂಚೂರು ಜಾಸ್ತಿ. ನನ್ನದೇ ಲೆಕ್ಕ ನೋಡಿ: ನಾನು 84, ಸೈಲ್, ಅದನ್ನು ನಿಲ್ಲಿಸುವ ಕಂಬ ಅಂದರೆ ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡಕೋಲು ಅಂದರೆ ಬೂಮ್, ಎಲ್ಲ ಸೇರಿ 9, ಬೋರ್ಡ್‌ನದೇ ತೂಕ 8. ಒಟ್ಟು 101 ಕಿಲೋ. ಬೋರ್ಡ್ ಮಾತ್ರ 95 ಲೀಟರ್. ಮುಳುಗದೆ ಇನ್ನೇನಾಗುತ್ತದೆ? ಗಾಳಿ ಜೋರಿದ್ದು ಬೋರ್ಡ್ ಓಡಲು ಶುರುವಾದರೆ ನೀರಿನ ಮೇಲ್ಮೈಯಲ್ಲಿ ಜಾರಿಕೊಂಡು ಹೋಗುತ್ತದೆ, ಆಗ ಸಣ್ಣ ಬೋರ್ಡ್ ಸಾಕು. ಅದನ್ನೇ ಪ್ಲೇನಿಂಗ್ ಅನ್ನುವುದು. ನಮ್ಮ 10 ನಾಟ್ ಗಾಳಿಯಲ್ಲಿ ಹೆಚ್ಚು ಹೊತ್ತು ನೀವು ಪ್ಲೇನಿಂಗ್‌ನಲ್ಲಿ ಇರುವುದಿಲ್ಲ. ನಿಂತ ನೀರಿನಲ್ಲಿ ನಿಂತುಕೊಂಡು ಹಗ್ಗ ಹಿಡಿದು ಸೈಲ್ ಎತ್ತಬೇಕು. ಅದಕ್ಕೆ ಬೋರ್ಡ್ ಗಟ್ಟಿಯಾಗಿ ತೇಲಬೇಕು.

ನನ್ನ ಅನುಭವದಲ್ಲಿ ಸರಿ ಬಂದ ಲೆಕ್ಕ ಇದು: ನಿಮ್ಮ ತೂಕಕ್ಕೆ 70ರಿಂದ 90 ಸೇರಿಸಿ, ಅಷ್ಟು ಲೀಟರ್. 60 ಕೆಜಿ ಇದ್ದವರಿಗೆ 130ರಿಂದ 150. 84 ಇದ್ದವರಿಗೆ 155ರಿಂದ 175. "ಇದು ಕಲಿಯುವವರ ಬೋರ್ಡ್ ಆಯಿತಲ್ವಾ" ಅಂತ ಅನಿಸಬಹುದು, ನನಗೂ ಅನಿಸಿತ್ತು. ಅಲ್ಲ. ಬ್ಯಾಲೆನ್ಸ್ ದೇಹ ಮರೆಯುವುದಿಲ್ಲ, ಎರಡು ಮೂರು ದಿನದಲ್ಲಿ ಬರುತ್ತದೆ, ಟ್ಯಾಕ್ ಮಾಡುವುದೂ, ಅಂದರೆ ಗಾಳಿಯ ಎದುರಿನಿಂದ ಬೋರ್ಡ್ ತಿರುಗಿಸುವುದೂ ಬರುತ್ತದೆ. ಆದರೆ ಬೆನ್ನು ಮತ್ತು ಮುಂಗೈ ಹಳೆಯವಲ್ಲ. ಹತ್ತು ಸಲ ಸೈಲ್ ಎತ್ತಿದ ಮೇಲೆ ಸುಸ್ತಾಗಿ ಕೂತರೆ ಆ ದಿನ ಮುಗಿಯಿತು. ದೊಡ್ಡ ಬೋರ್ಡ್ ಇದ್ದರೆ ಬೀಳುವುದೇ ಕಡಿಮೆ, ಹಾಗಾಗಿ ನೀರಿನಲ್ಲಿ ಇರುವ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ನಿಜವಾಗಿ ಓಡಿಸುತ್ತೀರಿ.

ಲೀಟರ್ ಜೊತೆಗೆ ಅಗಲ ನೋಡಿ. ಹಳೆಯ ಕಾಲಕ್ಕಿಂತ ಬೋರ್ಡ್‌ನ ಆಕಾರವೇ ಬದಲಾಗಿದೆ. ಒಲಿಂಪಿಕ್ಸ್‌ನ ಬೋರ್ಡ್‌ಗಳನ್ನೇ ನೋಡಿದರೆ ಗೊತ್ತಾಗುತ್ತದೆ. 1996ರಿಂದ 2004ರವರೆಗೆ ಇದ್ದ ಮಿಸ್ಟ್ರಲ್ ಒನ್ ಡಿಸೈನ್ 372 ಸೆಂಟಿಮೀಟರ್ ಉದ್ದ, 63.5 ಅಗಲ. 2008ಕ್ಕೆ ಬಂದ ಆರ್‌ಎಸ್:ಎಕ್ಸ್ 286 ಉದ್ದ, 93 ಅಗಲ. ನಾಲ್ಕೇ ವರ್ಷದಲ್ಲಿ ಮುಕ್ಕಾಲು ಮೀಟರಿಗಿಂತ ಹೆಚ್ಚು ಮೋಟಾಗಿ, ಅರ್ಧದಷ್ಟು ಅಗಲ ಜಾಸ್ತಿಯಾಯಿತು. ನಮಗೆ 93 ಬೇಡ. 75ರಿಂದ 82 ಸೆಂಟಿಮೀಟರ್ ಅಗಲ, 250ರಿಂದ 295 ಉದ್ದ ಇದ್ದರೆ ಚೆನ್ನಾಗಿರುತ್ತದೆ. ಕಾರಿನ ಮೇಲೂ ಕಟ್ಟಬಹುದು.

ಡ್ಯಾಗರ್‌ಬೋರ್ಡ್ ಇರಲಿ. ಬೋರ್ಡ್‌ನ ನಡುವೆ ಕೆಳಗೆ ಇಳಿಯುವ ಆ ಹಲಗೆ ಇಲ್ಲದಿದ್ದರೆ ಕಡಿಮೆ ಗಾಳಿಯಲ್ಲಿ ಬೋರ್ಡ್ ಪಕ್ಕಕ್ಕೆ ಜಾರುತ್ತದೆ, ಹೊರಟ ಜಾಗಕ್ಕೆ ವಾಪಸ್ ಬರಲು ಆಗುವುದಿಲ್ಲ, ದಡದ ಮೇಲೆ ಬೋರ್ಡ್ ಹೊತ್ತು ಒಂದು ಕಿಲೋಮೀಟರ್ ನಡೆಯಬೇಕಾಗುತ್ತದೆ. ಹೊಳೆಯಲ್ಲಿ ಇಳಿತದ ಸೆಳೆತದ ಎದುರು ಬರುವಾಗ ಡ್ಯಾಗರ್‌ಬೋರ್ಡ್ ಇದೆಯೋ ಇಲ್ಲವೋ ಅನ್ನುವುದು ಮನೆಗೆ ಬರುತ್ತೀರೋ ಇಲ್ಲವೋ ಅನ್ನುವಷ್ಟೇ ಮುಖ್ಯ. ಹೊಯ್ಗೆ ದಿಬ್ಬ ಬಂದರೆ ಕಾಲಿನಿಂದಲೇ ಒತ್ತಿ ಮೇಲೆತ್ತಬಹುದು. ನಾನು ಮೊದಲು ಡ್ಯಾಗರ್‌ಬೋರ್ಡ್ ಇಲ್ಲದ್ದು ತೆಗೆದುಕೊಂಡೆ, ಈಗ ಇರುವುದರಲ್ಲಿ ಇದೆ, ವ್ಯತ್ಯಾಸ ಹೇಳಿ ಮುಗಿಯದು.

ಯಾರಾದರೂ ಹಳೆಯ ಉದ್ದದ ಲಾಂಗ್‌ಬೋರ್ಡ್ ಕೊಡುತ್ತೇನೆ ಅಂದರೆ? ಬೇಡ ಅನ್ನಬೇಡಿ, ಹೋಗಿ ನೋಡಿ. ಎಂಟು ನಾಟ್ ಗಾಳಿಯಲ್ಲಿ ಅದರಷ್ಟು ಸಲೀಸಾಗಿ ನೀರು ಕತ್ತರಿಸಿಕೊಂಡು ಹೋಗುವುದು ಬೇರೆ ಇಲ್ಲ. ಕಷ್ಟ ಇರುವುದು ತೂಕದ್ದು, ಮತ್ತು ಮಾಸ್ಟ್ ಸಿಕ್ಕಿಸುವ ಹಳೆಯ ಟ್ರ್ಯಾಕ್‌ದು. ಟ್ರ್ಯಾಕ್‌ಗೆ ಈಗಿನ ಮಾಸ್ಟ್ ಬೇಸ್ ಕೂರುತ್ತದೆಯೇ, ಫಿನ್ ಬಾಕ್ಸ್‌ಗೆ, ಅಂದರೆ ಬೋರ್ಡ್‌ನ ಹಿಂಬದಿಯ ಕೆಳಗೆ ರೆಕ್ಕೆಯಂಥ ಫಿನ್ ಕೂರುವ ಗುಂಡಿಗೆ, ಈಗ ಸಿಗುವ ಫಿನ್ ಹೊಂದುತ್ತದೆಯೇ, ಇವೆರಡಕ್ಕೂ ಹೌದು ಅಂತಾದರೆ ಮಾತ್ರ ದುಡ್ಡು ಕೊಡಿ.

ಸೆಕೆಂಡ್ ಹ್ಯಾಂಡ್ ಬೋರ್ಡ್ ನೋಡುವಾಗ ಒಂದು ನೇತಾಡಿಸುವ ತಕ್ಕಡಿ ಜೊತೆಗಿರಲಿ. ಕಂಪೆನಿ ಹೇಳಿದ ತೂಕಕ್ಕಿಂತ ಎರಡು ಕಿಲೋ ಜಾಸ್ತಿ ಬಂದರೆ ಒಳಗೆ ನೀರು ಕುಡಿದಿದೆ ಅಂತ ಅರ್ಥ, ಹೆಚ್ಚಿನ ಬೋರ್ಡ್‌ಗಳ ಒಳಗೆ ಇರುವುದು ಥರ್ಮೋಕೋಲ್ ತರಹದ ಫೋಮ್, ಅದಕ್ಕೆ ನೀರು ಹೋದರೆ ಒಣಗುವುದು ಸುಲಭವಲ್ಲ. ಮಾಸ್ಟ್ ಟ್ರ್ಯಾಕ್ ಸುತ್ತ ಮತ್ತು ಹಿಮ್ಮಡಿ ಊರುವ ಜಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಮೆತ್ತಗೆ ಒಳಗೆ ಹೋದರೆ ಬಿಟ್ಟು ಬನ್ನಿ. ಹಲಸಿನಹಣ್ಣು ಬಡಿದು ನೋಡುವ ಹಾಗೆ ಉದ್ದಕ್ಕೂ ಬೆರಳಿನಿಂದ ಬಡಿಯುತ್ತಾ ಹೋಗಿ, ಒಂದೇ ಕಡೆ ಶಬ್ದ ಬೇರೆ ಬಂದರೆ ಅಲ್ಲಿ ಪದರ ಬಿಟ್ಟಿದೆ. ಗೀರು, ಬಣ್ಣ ಹೋದದ್ದು, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಫಿನ್ ಬಾಕ್ಸ್ ಸುತ್ತ ಕೂದಲೆಳೆಯಷ್ಟು ಬಿರುಕು ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಸೈಲ್ ವಿಷಯದಲ್ಲಿ ನಮ್ಮ ಹಳೆಯ ಜ್ಞಾನ ಅರ್ಧ ಕೆಲಸಕ್ಕೆ ಬರುವುದಿಲ್ಲ. ಅಟ್ಟದಲ್ಲಿ ಸುತ್ತಿಟ್ಟ ಹಳೆಯ ಸೈಲ್ ಇದ್ದರೆ ಬಿಡಿಸಿ ನೋಡಿ. ಕಿಟಕಿಯಂತೆ ಪಾರದರ್ಶಕವಾಗಿರುವ ಭಾಗ ಮೊನೊಫಿಲ್ಮ್. ಬಿಸಿಲಿಗೆ ಅದು ಮೊದಲು ಮಂಜಾಗುತ್ತದೆ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಮಡಚಿದ ಗೆರೆಯ ಮೇಲೆ ಉಗುರಿನಿಂದ ಎಳೆದಾಗ ಬಿರುಕು ಬಿಟ್ಟರೆ ಆ ಸೈಲ್ ನೀರಿನ ನಡುವೆ ಹರಿಯುವುದೇ ಸೈ. ನಮ್ಮ ಬಿಸಿಲಿಗೆ ಒಳಗೆ ದಾರದ ಜಾಲರಿ ಇರುವ ಎಕ್ಸ್-ಪ್ಲೈ ಜಾಸ್ತಿ ಬಾಳಿಕೆ ಬರುತ್ತದೆ. ತೂಕ ಸ್ವಲ್ಪ ಹೆಚ್ಚು, ಆದರೂ ನಾನು ಅದನ್ನೇ ಆರಿಸುತ್ತೇನೆ.

ಅಳತೆ ಎಷ್ಟು? 70ರಿಂದ 85 ಕೆಜಿ ಇದ್ದವರಿಗೆ ಮೊದಲ ಸೈಲ್ 6.5 ಚದರ ಮೀಟರ್ ಆಸುಪಾಸು. 60 ಕೆಜಿ ಒಳಗಿದ್ದರೆ 5.5 ಸಾಕು. ಕಡಿಮೆ ಗಾಳಿ ಅಂತ ಮೊದಲ ದಿನವೇ 8.5ಕ್ಕೆ ಕೈ ಹಾಕಬೇಡಿ. ಅದರಿಂದ ಪ್ಲೇನಿಂಗ್ ಬೇಗ ಸಿಗುತ್ತದೆ, ನಿಜ, ಆದರೆ ಅದು ನೀರಿಗೆ ಬಿದ್ದರೆ ಮೇಲೆ ನೀರು ನಿಂತು ಎತ್ತುವಾಗ ಸೊಂಟ ಹಿಡಿಯುತ್ತದೆ. ಮೊದಲ ಸೀಸನ್ 6.5ರಲ್ಲಿ ಕಳೆದು, ಹಾರ್ನೆಸ್, ಅಂದರೆ ಬೂಮ್‌ನ ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ, ಮತ್ತೆ ಅಭ್ಯಾಸವಾದ ಮೇಲೆ ದೊಡ್ಡದು ನೋಡಿ. ಎರಡನೆಯದು ಬೇಕಾದರೆ 5.3 ಹತ್ತಿರದ್ದು. ಗಾಳಿಯ ಬಲ ಅದರ ವೇಗದ ವರ್ಗದಂತೆ ಏರುತ್ತದೆ, ಹತ್ತು ನಾಟ್ ಇದ್ದದ್ದು ಹದಿನಾಲ್ಕು ಆದರೆ ಕೈಗೆ ಬರುವ ಎಳೆತ ಎರಡು ಪಟ್ಟು. ಮಾರ್ಚ್ ಏಪ್ರಿಲ್‌ನ ನಾಲ್ಕು ಗಂಟೆಯ ಗಾಳಿಯಲ್ಲಿ ಇದು ಅರ್ಧ ಗಂಟೆಯೊಳಗೆ ಆಗಿಬಿಡುತ್ತದೆ.

ಕ್ಯಾಂಬರ್, ಅಂದರೆ ಸೈಲ್‌ನ ಆಕಾರ ಹಿಡಿದಿಡಲು ಮಾಸ್ಟ್ ಹತ್ತಿರ ಇರುವ ಪ್ಲಾಸ್ಟಿಕ್ ತುಂಡು, ಇಲ್ಲದ ಸಾಧಾರಣ ಓಟದ ಫ್ರೀರೈಡ್ ಸೈಲ್ ಸಾಕು. ಕ್ಯಾಂಬರ್ ಇದ್ದದ್ದು ನೀರಿನಿಂದ ಎತ್ತಲು ಭಾರ, ಕಟ್ಟಲೂ ತಾಪತ್ರಯ.

ಮತ್ತೆ ಬರುವವರು ಅತಿ ಹೆಚ್ಚು ದುಡ್ಡು ಹಾಳು ಮಾಡುವುದು ಮಾಸ್ಟ್ ವಿಷಯದಲ್ಲಿ. ಸೈಲ್ ಒಂದು ಕಡೆ, ಮಾಸ್ಟ್ ಇನ್ನೊಂದು ಕಡೆ ಕಡಿಮೆಗೆ ಸಿಕ್ಕಿತು ಅಂತ ತಂದು ಜೋಡಿಸಿದರೆ ಎರಡೂ ಒಳ್ಳೆಯದೇ ಇದ್ದರೂ ಸೈಲ್ ಆಕಾರಕ್ಕೆ ಬರುವುದಿಲ್ಲ. ಸೈಲ್‌ನ ಬುಡದಲ್ಲಿ ಅಥವಾ ಚೀಲದ ಮೇಲೆ ಅಚ್ಚು ಹಾಕಿರುತ್ತಾರೆ: ಲಫ್ 468, ಬೂಮ್ 190, ಮಾಸ್ಟ್ 460, ಐಎಂಸಿಎಸ್ 25, ಹೀಗೆ. ಲಫ್ ಅಂದರೆ ಮಾಸ್ಟ್ ಹೋಗುವ ಬದಿಯ ಉದ್ದ. 468ರಲ್ಲಿ 460 ಕಳೆದರೆ 8, ಅಂದರೆ ಮಾಸ್ಟ್‌ನ ಬುಡಕ್ಕೆ ಹಾಕುವ ಎಕ್ಸ್‌ಟೆನ್ಷನ್ ಅನ್ನು 8 ಸೆಂಟಿಮೀಟರ್‌ಗೆ ಇಡಬೇಕು. ಐಎಂಸಿಎಸ್ ಮಾಸ್ಟ್ ಎಷ್ಟು ಬಿರುಸು ಅನ್ನುವುದರ ಅಂಕಿ, 400ರ ಮಾಸ್ಟ್‌ಗೆ 19, 430ಕ್ಕೆ 21, 460ಕ್ಕೆ 25. ಇದಲ್ಲದೆ ಮಾಸ್ಟ್ ಎಲ್ಲಿ ಹೆಚ್ಚು ಬಾಗುತ್ತದೆ ಅನ್ನುವುದು ಕಂಪೆನಿಯಿಂದ ಕಂಪೆನಿಗೆ ಬೇರೆ. ತುದಿ ಬಾಗುವಂಥದ್ದು ಇದೆ, ತುದಿ ಬಿರುಸಾಗಿರುವಂಥದ್ದೂ ಇದೆ. ಸಾಧ್ಯವಾದರೆ ಸೈಲ್ ಮಾಡಿದ ಕಂಪೆನಿಯದೇ ಮಾಸ್ಟ್ ತೆಗೆದುಕೊಳ್ಳಿ. ಮಾರುವವರಲ್ಲಿ "ಈ ಸೈಲ್‌ಗೆ ನೀವು ಯಾವ ಮಾಸ್ಟ್ ಹಾಕುತ್ತಿದ್ದಿರಿ, ಅದನ್ನೂ ಕೊಡುತ್ತೀರಾ?" ಅಂತ ಕೇಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಇನ್ನೊಂದು ವಿಷಯ, ಎರಡು ದಪ್ಪದ ಮಾಸ್ಟ್ ಇವೆ. ನಮಗೆ ಗೊತ್ತಿದ್ದ ದಪ್ಪದ್ದು ಎಸ್‌ಡಿಎಂ, ಬುಡದ ಒಳ ಅಳತೆ 48 ಮಿಲಿಮೀಟರ್. ಸಪೂರದ್ದು ಆರ್‌ಡಿಎಂ, 32 ಮಿಲಿಮೀಟರ್. ಸಪೂರದ್ದರ ಗೋಡೆ ದಪ್ಪ, ಹಾಗಾಗಿ ಗಟ್ಟಿ, ಕೈಯಲ್ಲಿ ಹಿಡಿಯಲೂ ಸುಲಭ. ಆದರೆ ಎಕ್ಸ್‌ಟೆನ್ಷನ್ ಅದಕ್ಕೆ ತಕ್ಕದ್ದೇ ಬೇಕು, ಬೂಮ್‌ನ ಕ್ಲ್ಯಾಂಪ್ ಕೂಡ ಹೊಂದಬೇಕು. ಕಾರ್ಬನ್ 100 ಶೇಕಡಾ ಬೇಕಾಗಿಲ್ಲ. 40ರಿಂದ 60 ಇದ್ದರೆ ಬೆಲೆಗೂ ಸರಿ, ಬಾಳಿಕೆಗೂ ಸರಿ. ಎರಡು ಸೈಲ್ ಇಟ್ಟುಕೊಳ್ಳುವುದಾದರೆ ಎರಡಕ್ಕೂ ಒಂದೇ 430ರ ಮಾಸ್ಟ್ ಹಿಡಿಯುವಂಥದ್ದು ಹುಡುಕಿ, 5.3 ಮತ್ತು 6.5ರಲ್ಲಿ ಅಂಥ ಜೋಡಿ ಸಿಗುತ್ತದೆ.

ಕಟ್ಟುವ ಕ್ರಮವೂ ಬದಲಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ನಾವು ಬೂಮ್‌ನ ತುದಿಯ ಹಗ್ಗ ಜಗ್ಗಿ ಸೈಲ್ ಅನ್ನು ಚಪ್ಪಟೆ ಮಾಡುತ್ತಿದ್ದೆವು, ಅಲ್ವಾ? ಈಗಿನ ಸೈಲ್‌ನಲ್ಲಿ ಕೆಲಸ ಎಲ್ಲ ಬುಡದ ಡೌನ್‌ಹಾಲ್‌ನದು, ಅಂದರೆ ಸೈಲ್ ಅನ್ನು ಕೆಳಗೆ ಎಳೆಯುವ ಹಗ್ಗದ್ದು. ಕಾಲು ಕೊಟ್ಟು ಜಗ್ಗಬೇಕು, ಸೈಲ್‌ನ ಮೇಲಿನ ಹಿಂಬದಿ ಅಂಚು ಸಡಿಲವಾಗಿ ಜೋಲುವವರೆಗೆ. ನೋಡಿದರೆ ಏನೋ ತಪ್ಪಾಗಿದೆ ಅನಿಸುತ್ತದೆ, ಆದರೆ ಅದು ಹಾಗೇ ಇರಬೇಕು. ಜೋರು ಗಾಳಿ ಬಡಿದಾಗ ಆ ಸಡಿಲ ಭಾಗ ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡುತ್ತದೆ, ನಿಮ್ಮ ಕೈ ಉಳಿಯುತ್ತದೆ. ಎಷ್ಟು ಸಡಿಲ ಅನ್ನುವುದಕ್ಕೆ ಹಲವು ಸೈಲ್‌ಗಳ ಮೇಲೆ ಚುಕ್ಕೆ ಗುರುತು ಇರುತ್ತದೆ. ಬೂಮ್ ಕಡೆಯ ಹಗ್ಗ ಮೂರು ನಾಲ್ಕು ಸೆಂಟಿಮೀಟರ್ ಎಳೆದರೆ ಸಾಕು.

ಫಿನ್ ಬಗ್ಗೆ ಅಂಗಡಿಯವರು ಹೇಳದ, ನಮ್ಮ ಕಡೆ ಮಾತ್ರ ಬೇಕಾದ ಒಂದು ಮಾತು. ಉದ್ದ ಫಿನ್ ಒಳ್ಳೆಯದು ಅಂತ 50 ಸೆಂಟಿಮೀಟರ್‌ದು ಹಾಕಿದರೆ ಮೂಲ್ಕಿ, ಕೋಡಿಬೆಂಗ್ರೆ ಕಡೆಯ ಹೊಯ್ಗೆ ದಿಬ್ಬದಲ್ಲಿ ಸಿಕ್ಕಿಬೀಳುತ್ತದೆ, ಬೋರ್ಡ್ ಒಮ್ಮೆಲೇ ನಿಂತು ನೀವು ಮುಂದಕ್ಕೆ ಹಾರಿ ಸೈಲ್ ಮೇಲೆ ಬೀಳುತ್ತೀರಿ. ಡ್ಯಾಗರ್‌ಬೋರ್ಡ್ ಇರುವಾಗ 38ರಿಂದ 42 ಸಾಕು. ಮಳೆಗಾಲ ಮುಗಿದ ಹೊಸದರಲ್ಲಿ ಹೊಳೆಯಲ್ಲಿ ಅಂತರಗಂಗೆ, ಕಸ, ಪ್ಲಾಸ್ಟಿಕ್ ತೇಲಿ ಬರುತ್ತದೆ. ಹಿಂದಕ್ಕೆ ವಾಲಿದ ವೀಡ್ ಫಿನ್ ಒಂದು ಇಟ್ಟುಕೊಂಡರೆ ಅದೆಲ್ಲ ಜಾರಿ ಹೋಗುತ್ತದೆ. ಕೊಳ್ಳುವ ಮೊದಲು ನಿಮ್ಮ ಬೋರ್ಡ್‌ನ ಬಾಕ್ಸ್ ಪವರ್ ಬಾಕ್ಸೋ, ಟಟ್ಟಲ್ಲೋ, ಯುಎಸ್ ಬಾಕ್ಸೋ ನೋಡಿಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಬೂಮ್ ಅಲ್ಯೂಮಿನಿಯಂದೇ ಇರಲಿ, ಆದರೆ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ಹಿಂಬದಿ ಎಳೆದು ತೆಗೆದಿಡಿ, ಇಲ್ಲದಿದ್ದರೆ ಉಪ್ಪಿಗೆ ಕಚ್ಚಿಕೊಂಡು ಮತ್ತೆ ಬಿಡಿಸಲು ಬರುವುದಿಲ್ಲ. ಹಾರ್ನೆಸ್ ಲೈನ್ ನಮ್ಮ ಕಾಲದ್ದಕ್ಕಿಂತ ಈಗ ಉದ್ದ, 26ರಿಂದ 30 ಇಂಚು. ಮಾಸ್ಟ್ ಬುಡದ ರಬ್ಬರ್ ಜಾಯಿಂಟ್ ಮಾತ್ರ ಹೊಸದೇ ತೆಗೆದುಕೊಳ್ಳಿ, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಅದು ತುಂಡಾದರೆ ಸೈಲ್ ಒಂದು ಕಡೆ, ನೀವು ಒಂದು ಕಡೆ. ಆಗ ಬೋರ್ಡ್ ಬಿಡಬೇಡಿ, ಅದೇ ನಿಮ್ಮ ದೋಣಿ. ಕಾಲಿಗೆ ರಬ್ಬರ್ ಶೂ ಬೇಕೇ ಬೇಕು, ಅಳಿವೆಯ ಹತ್ತಿರ ಮರುವಾಯಿ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಲೈಫ್ ಜಾಕೆಟ್ ಬಗ್ಗೆ ಹೇಳಲೇಬೇಕಾಗಿಲ್ಲ.

ಫಾಯಿಲ್, ಅಂದರೆ ಬೋರ್ಡ್‌ನ ಕೆಳಗೆ ನೀರೊಳಗೆ ಇದ್ದು ಅದನ್ನು ನೀರಿನಿಂದ ಮೇಲೆತ್ತುವ ರೆಕ್ಕೆ, ತೆಗೆದುಕೊಳ್ಳಲಾ ಅಂತ ಕೇಳುವವರಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಪೂರ್ತಿ ಫಾಯಿಲ್ ಮೇಲೆಯೇ ನಡೆಯಿತು, ಕಡಿಮೆ ಗಾಳಿಯಲ್ಲಿ ಹಾರುತ್ತದೆ, ಆಸೆ ಆಗುವುದು ಸಹಜ. ಆದರೆ ಅದು ನೀರಿನ ಕೆಳಗೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿದಿರುತ್ತದೆ. ನಮ್ಮ ಹೊಳೆಗಳಲ್ಲಿ ಅಷ್ಟು ಆಳ ಎಲ್ಲ ಕಡೆ ಇಲ್ಲ, ಬಲೆಯ ಹಗ್ಗಗಳೂ ಇವೆ. ಮೊದಲು ಫಿನ್ ಮೇಲೆ ಒಂದು ಸೀಸನ್ ಆಗಲಿ.

ಜಾಗ ಯಾವುದು ಅಂದರೆ, ಮೊದಲ ಹತ್ತು ದಿನ ತೆರೆದ ಕಡಲು ಬೇಡ. ಪಣಂಬೂರು, ಮಲ್ಪೆಯಲ್ಲಿ ಗಾಳಿ ದಡದ ಕಡೆಗೇ ಬೀಸುವುದರಿಂದ ಕೊಚ್ಚಿಹೋಗುವ ಭಯ ಕಡಿಮೆ, ಆದರೆ ದಡದಲ್ಲಿ ಒಡೆಯುವ ಅಲೆ ಮಾಸ್ಟ್ ಮುರಿಯುತ್ತದೆ, ರಜೆಯ ದಿನ ಜನವೂ ಜಾಸ್ತಿ. ಹೊಳೆಯ ಅಗಲ ಭಾಗ, ಸೊಂಟದಷ್ಟು ನೀರು, ಉಬ್ಬರ ಏರುತ್ತಿರುವ ಹೊತ್ತು, ಈ ಮೂರು ಸೇರುವ ಮಧ್ಯಾಹ್ನ ಆರಿಸಿ. ಏರುವ ನೀರು ನಿಮ್ಮನ್ನು ಒಳಗೆ ತಳ್ಳುತ್ತದೆ, ಇಳಿಯುವ ನೀರು ಕಡಲಿಗೆ ಒಯ್ಯುತ್ತದೆ. ಬೆಳಗ್ಗಿನ ಮೂಡುಗಾಳಿಯಲ್ಲಿ ನೀರು ಕನ್ನಡಿಯ ಹಾಗೆ ಕಂಡರೂ ಕಡಲಿಗೆ ಇಳಿಯಬೇಡಿ, ಅದು ಹೊರಗೆ ಒಯ್ದು ಅಲ್ಲೇ ನಿಂತುಬಿಡುತ್ತದೆ. ಹೊಳೆ ದಾಟುವ ಕರೆಂಟಿನ ತಂತಿ ಎಲ್ಲಿದೆ ನೋಡಿಕೊಳ್ಳಿ, ಮಾಸ್ಟ್ ನಾಲ್ಕೂವರೆ ಮೀಟರಿಗಿಂತ ಎತ್ತರ. ಬಲೆ ಹಾಕಿದ್ದಾರಾ ಅಂತ ದಡದಲ್ಲಿ ಇರುವವರನ್ನು ಕೇಳಿ, ಅವರೇ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತಲೂ ಹೇಳುತ್ತಾರೆ. ನನಗೆ ಹಗ್ಗ ಕಟ್ಟಿದ ದೋಣಿಯವರನ್ನು ಈಗಲೂ ಕೇಳಿಯೇ ಇಳಿಯುತ್ತೇನೆ.

ಬೋರ್ಡ್‌ಗೆ ದುಡ್ಡು ಕೊಡುವ ಮೊದಲು ಅರ್ಧ ಗಂಟೆ ನೀರಿಗೆ ಇಳಿಸಲು ಬಿಡುತ್ತಾರಾ ಕೇಳಿ. ಗಾಳಿ ಇಲ್ಲದಿದ್ದರೂ ಪರವಾಗಿಲ್ಲ. ಮೇಲೆ ನಿಂತು ಐದು ಸಲ ಸೈಲ್ ಎತ್ತಿ ಇಳಿಸಿ. ಐದನೆಯ ಸಲವೂ ಪಾದ ಒಣಗಿಯೇ ಇದ್ದು, ಉಸಿರು ಹಿಡಿತದಲ್ಲಿದ್ದರೆ ಅದು ನಿಮ್ಮ ಬೋರ್ಡ್. ಹೊರಗಿನಿಂದ ತರಿಸುವುದಾದರೆ ಉದ್ದದ ಪಾರ್ಸೆಲ್‌ಗೆ ಸಾಗಣೆ, ಕಸ್ಟಮ್ಸ್ ಸೇರಿ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಿ. ಗಲ್ಫ್‌ನಿಂದ ಮನೆ ಸಾಮಾನು ಕಂಟೇನರ್‌ನಲ್ಲಿ ಕಳಿಸುವವರು ಗೊತ್ತಿದ್ದರೆ ಅವರನ್ನೂ ಒಂದು ಮಾತು ಕೇಳಿ, ನನ್ನ ಈಗಿನ ಬೋರ್ಡ್ ಹಾಗೆಯೇ ಬಂದದ್ದು.

ಮೇ ಕೊನೆಗೆ ಎಲ್ಲ ತೊಳೆದು ನೆರಳಿನಲ್ಲಿ ಒಣಗಿಸಿ. ಸೈಲ್ ಮಡಚಬೇಡಿ, ಸಡಿಲವಾಗಿ ಸುತ್ತಿ, ಇಲಿ ಬರದ ಕಡೆ ಇಡಿ. ಬೋರ್ಡ್‌ನ ಒಳಗಿನ ಗಾಳಿ ಬಿಡುವ ವೆಂಟ್ ಸ್ಕ್ರೂ ಸಡಿಲ ಮಾಡಿ ಮನೆಯೊಳಗೆ ಇಡಿ, ಅಕ್ಟೋಬರ್‌ನಲ್ಲಿ ನೀರಿಗೆ ಇಳಿಸುವ ಮೊದಲು ಮರೆಯದೆ ಅದನ್ನು ಬಿಗಿ ಮಾಡಿ. ಜಾಗ ಇಲ್ಲ ಅಂತ ಅಂಗಳದಲ್ಲೇ ಇಡುವುದಾದರೂ ತೆಂಗಿನಮರದ ಕೆಳಗೆ ಮಾತ್ರ ಬೇಡ. ಒಂದು ಕಾಯಿ ಬಿದ್ದರೆ ಸಾಕು, ಬೋರ್ಡ್ ತೂತಾಗುತ್ತದೆ.